ಕಚ್ಚಾ ವಹಿಯ ಮೋಹ

ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದು ಕಳಿಸಬೇಕೆಂದು ನಮ್ಮ ಶಾಲೆಯಿಂದ ಅಪ್ಪಣೆ ಬಂದ ದಿನ, ನನ್ನ ಮೇಜಿನ ಮೇಲೆ ಮಗಳು ತಂದಿಟ್ಟ ದೊಡ್ಡದೊಂದು ಪುಸ್ತಕವಿತ್ತು. ಅದರಲ್ಲಿರುವವು ಪ್ರಸಿದ್ಧ ಚಿತ್ರಕಾರರ ಪೂರ್ಣಗೊಂಡ ಚಿತ್ರಗಳಲ್ಲ. ಅವರು ತಮಗಾಗಿಯೇ ಇಟ್ಟುಕೊಂಡಿದ್ದ ಕಚ್ಚಾ ವಹಿಗಳ ಪುಟಗಳು. ಗೋಡೆಯ ಮೇಲಿನ ಚಿತ್ರವನ್ನು ಕಂಡರೆ ದೂರದಿಂದಲೇ ಕೈಮುಗಿಯಬೇಕೆನಿಸುವದು. ಈ ಪುಟಗಳನ್ನು ಕಂಡರೆ ಬಳಿಯಲ್ಲಿ ಹೋಗಿ ಕುಳಿತುಕೊಳ್ಳಬೇಕೆನಿಸುವದು. ಹೀಗೇಕೆಂಬ ವಿಚಾರವೇ ನನ್ನನ್ನು ವಾರವೆಲ್ಲ ಕಾಡಿತು.

ಇಟಲಿಯ ಲಿಯೊನಾರ್ಡೊ ದ ವಿಂಚಿಯ (1452–1519) ವಹಿಗಳಲ್ಲಿ ಇಂದಿಗೂ ಉಳಿದಿರುವ ಪುಟಗಳು ಸುಮಾರು 7,000. ಆತನು ಎಡಗೈಯವನಾದುದರಿಂದ ಬಲದಿಂದ ಎಡಕ್ಕೆ ಬರೆಯುತ್ತಿದ್ದನು. ಅದನ್ನು ಓದಬೇಕಾದರೆ ಕನ್ನಡಿ ಹಿಡಿಯಬೇಕು. ಹಕ್ಕಿಯ ರೆಕ್ಕೆ, ನೀರಿನ ಸುಳಿ, ಮನುಷ್ಯನ ಹೃದಯ—ಇವುಗಳ ಮಗ್ಗುಲಲ್ಲಿಯೇ ಮನೆಯ ಖರ್ಚಿನ ಲೆಕ್ಕ! ಲಂಡನ್ನಿನಲ್ಲಿರುವ ಅರಂಡೆಲ್ ಸಂಪುಟದ ಒಂದು ಪುಟದಲ್ಲಿ ಗಂಭೀರವಾದ ರೇಖಾಗಣಿತವನ್ನು ನಡುವಿನಲ್ಲಿಯೇ ಬಿಟ್ಟು, ಸಾರು ಆರಿಹೋಗುತ್ತಿರುವದೆಂದು ಕಾರಣ ಬರೆದು ಎದ್ದುಬಿಟ್ಟಿದ್ದಾನೆ. ಅಡಿಗೆಯ ಮನೆಯಿಂದ ಯಾರೋ ಕೂಗಿರಬೇಕು. ಆ ಪುಟವನ್ನು ಓದಿದಂದಿನಿಂದ ಮಹಾಪುರುಷರೆಂದರೆ ನನಗಿದ್ದ ಅಂಜಿಕೆಯು ಅರ್ಧ ಹೋಯಿತು.

ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆದವಳು ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್. ಪೀಟರನೆಂಬ ಮೊಲದ ಕಥೆಯನ್ನು ಬರೆದು ಚಿತ್ರಿಸಿದವಳೆಂದು ಈಕೆಯನ್ನು ನಿಮ್ಮ ಮಕ್ಕಳೂ ಬಲ್ಲರು. ಈಕೆಯನ್ನು ಶಾಲೆಗೆ ಕಳಿಸಲಿಲ್ಲ, ಮನೆಯಲ್ಲಿಯೇ ಪಾಠ. ಎಂಟೊಂಬತ್ತು ವರುಷದವಳಿದ್ದಾಗಲೇ ಕಂಬಳಿಹುಳುಗಳನ್ನು ನೋಡಿ ನೋಡಿ ವಹಿಯಲ್ಲಿ ಬರೆದುಕೊಂಡಳು. ದೊಡ್ಡವಳಾದ ಮೇಲೆ ಅಣಬೆಗಳನ್ನು ಚಿತ್ರಿಸುತ್ತ, ಅವುಗಳ ಬೀಜಕಣಗಳು ಮೊಳೆಯುವ ಬಗೆಯನ್ನು ಕುರಿತು ಪ್ರಬಂಧ ಬರೆದಳು. 1897ರಲ್ಲಿ ಅದನ್ನು ಲಂಡನ್ನಿನ ಲಿನ್ನಿಯನ್ ಸಂಘದ ಮುಂದಿಡಲು ಗಂಡಸೊಬ್ಬನೇ ಬೇಕಾಯಿತು, ಏಕೆಂದರೆ ಆ ಸಭೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಸುಮಾರು ಹದಿನೈದನೆಯ ವಯಸ್ಸಿನಿಂದ ಮೂವತ್ತರವರೆಗೆ ತಾನೇ ಕಲ್ಪಿಸಿದ ಗುಪ್ತಲಿಪಿಯಲ್ಲಿ ಆಕೆ ದಿನಚರಿಯನ್ನೂ ಬರೆದಿಟ್ಟಳು. ಆಕೆ ತೀರಿಕೊಂಡು ಹದಿನೈದು ವರುಷಗಳಾದ ಮೇಲೆ, 1958ರಲ್ಲಿ, ಲೆಸ್ಲಿ ಲಿಂಡರ್ ಎಂಬವನು ಆ ಲಿಪಿಯ ಗುಟ್ಟನ್ನು ಬಿಡಿಸಿದನು. ಒಬ್ಬ ಹುಡುಗಿ ಬೀಗ ಹಾಕಿಟ್ಟುದನ್ನು ನಾವು ತೆರೆಯಬಹುದೇ ಎಂದು ಸಂಕೋಚವಾಗುವದು ನಿಜ. ಆದರೂ ನನಗೆ ಅಸೂಯೆಯಾದುದು ಆ ವಹಿಗಳನ್ನು ಯಾರೂ ಎಸೆಯಲಿಲ್ಲವಲ್ಲಾ ಎಂದು.

ಯಾಕೆಂದರೆ ನಾನು ಎಸೆದವಳು.

ನಮ್ಮವ್ವ ಕಸೂತಿಯಲ್ಲಿ ನಿಪುಣೆ. ಬಟ್ಟೆಯ ಮೇಲೆ ಗುರುತು ಹಾಕದೆ, ಎಳೆಗಳನ್ನೆಣಿಸಿಯೇ ಗೋಪುರ, ತೇರು, ತುಳಸಿಕಟ್ಟೆಗಳನ್ನು ಎಬ್ಬಿಸುತ್ತಿದ್ದಳು. ಮೊದಲು ಚೌಕಳಿ ಹಾಳೆಯ ವಹಿಯಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದು ನೋಡುವಳು. ತಪ್ಪಿದರೆ ಅಳಿಸದೆ, ಕಾಟು ಹೊಡೆದು ಪಕ್ಕದಲ್ಲಿ ಮತ್ತೆ ಹೂಡುವಳು. ಆನೆಯ ಸೊಂಡಿಲಿನ ಕೆಳಗೆ ಹಾಲಿನವನ ಲೆಕ್ಕವಿರುತ್ತಿತ್ತು. ಒಂದು ಪುಟದಲ್ಲಿ ನನ್ನ ಜ್ವರ ಎಷ್ಟು ಡಿಗ್ರಿ ಎಂಬುದನ್ನು ಮೂರು ಹೊತ್ತು ಬರೆದಿದ್ದಳು. ಆ ಪುಟದ ನವಿಲಿಗೆ ಬಾಲವಿರಲಿಲ್ಲ.

ಅವ್ವ ಹೋದ ವರುಷ ಮನೆ ಖಾಲಿ ಮಾಡುವಾಗ ಅವಳ ಚಂದ್ರಕಾಳಿ ಸೀರೆಯನ್ನು ಮಲ್ಲಿನ ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡಿದೆವು. ಎಣ್ಣೆಯ ಕಲೆಗಳಿದ್ದ ವಹಿಯನ್ನು ನಾನೇ ರದ್ದಿಯವನ ತಕ್ಕಡಿಗೆ ಹಾಕಿದೆನು. ಹೊಲಸು ಎನಿಸಿತ್ತು. (ಪಾಲಕರೇ, ಪರೀಕ್ಷೆ ಮುಗಿದೊಡನೆ ಮಕ್ಕಳ ವಹಿಗಳನ್ನು ತೂಕಕ್ಕೆ ಹಾಕುವ ಮುನ್ನ ಹಿಂಬದಿಯ ಪುಟಗಳನ್ನೊಮ್ಮೆ ತಿರುವಿ ನೋಡುವಿರಾ?)

ಕಳೆದ ತಿಂಗಳು ಅಣ್ಣನ ಮಗಳು ಬಂದು, "ಅತ್ತೀ, ಅಜ್ಜಿಯ ತುಳಸಿಕಟ್ಟೆ ನನಗೆ ಕಲಿಸು" ಎಂದಳು. ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ಇಬ್ಬರೂ ಎಳೆ ಎಣಿಸಿದೆವು. ಗವಂತಿಯ ಹೊಲಿಗೆಗೆ ಗಂಟಿಲ್ಲ. ಒಳಗೂ ಹೊರಗೂ ಒಂದೇ ರೂಪ. ಅವಳು ಸೂಜಿಯನ್ನು ಮೊದಲು ಎಲ್ಲಿ ಚುಚ್ಚಿದಳು, ಎಲ್ಲಿ ತಪ್ಪಿ ಹಿಂದಿರುಗಿದಳು ಎಂಬುದನ್ನು ಆ ಸೀರೆಯು ಹೇಳಲೊಲ್ಲದು. ಬುಡದಿಂದ ಹೂಡಿದರೆ ಮೇಲೆ ಎರಡು ಎಳೆ ಮಿಗುವವು. ತುದಿಯಿಂದ ಬಂದರೆ ಕಟ್ಟೆಯು ಓರೆಯಾಗುವದು. ಹುಡುಗಿ ಹೊಸದೊಂದು ಚೌಕಳಿ ವಹಿಯನ್ನು ಕೊಂಡಿದ್ದಾಳೆ. ನಾಲ್ಕು ಪುಟ ಕಾಟು ಬಿದ್ದಿವೆ. ಬರುವ ಆದಿತ್ಯವಾರ ಮತ್ತೆ ಕೂಡುವವರಿದ್ದೇವೆ.