ಮೀಟರ್ ಅಗ್ಗ, ಸ್ಟ್ರಿಪ್ ತುಟ್ಟಿ

ಗೃಹಪ್ರವೇಶಕ್ಕೆ ಗೋಡೆ ಗಡಿಯಾರ ಕೊಡುತ್ತಿದ್ದ ಕಾಲವೊಂದಿತ್ತು. ಈಗ ಅಪ್ಪನ ಅರವತ್ತರ ಶಾಂತಿಗೆ ಅಮೆರಿಕದ ಮಗ ಶುಗರ್ ಮೀಟರ್ ತರುತ್ತಾನೆ. ಅಪ್ಪ ಅದನ್ನು ಬೀದಿಗೆಲ್ಲ ತೋರಿಸುತ್ತಾರೆ. ಜೊತೆಗೆ ಬಂದ ಸ್ಟ್ರಿಪ್ ಮುಗಿದ ಮೇಲೆ ಅಸಲು ಸಂಗತಿ ಗೊತ್ತಾಗುತ್ತದೆ: ಒಂದು ಮೀಟರಿನ ಸ್ಟ್ರಿಪ್ ಇನ್ನೊಂದಕ್ಕೆ ಆಗುವುದಿಲ್ಲ, ಅಲ್ಲಿನ ಅಂಗಡಿಯವರ ಸ್ವಂತ ಬ್ರ್ಯಾಂಡಿನದು ಇಲ್ಲಿ ಸಿಗುವುದೂ ಇಲ್ಲ.

ಮೀಟರೆಂದರೆ ಸರಳ ವಿವಾಹದಲ್ಲಿ ಸಿಕ್ಕ ಅಳಿಯ. ಮದುವೆಗೆ ಖರ್ಚಿಲ್ಲ, ಆಮೇಲೆ ಹಬ್ಬಹಬ್ಬಕ್ಕೂ ಉಡುಗೊರೆ. ಸರ್ಕಾರ 2021ರಲ್ಲಿ ಗ್ಲುಕೋಮೀಟರ್ ವ್ಯಾಪಾರದ ಲಾಭಕ್ಕೆ ಶೇಕಡಾ 70ರ ಮಿತಿ ಹಾಕಿದ್ದು ಒಳ್ಳೆಯದೇ. ಆದರೆ ನಮ್ಮ ಜೇಬಿಗೆ ತೂತು ಬೀಳುವುದು ಸ್ಟ್ರಿಪ್ಪಿನಿಂದ. ಹಾಗಾಗಿ ಆನ್‌ಲೈನಿನಲ್ಲಿ ಮೀಟರ್ ಕೊಳ್ಳುವ ಮೊದಲೇ ಅದರ ಸ್ಟ್ರಿಪ್ಪಿನ ಬೆಲೆ ನೋಡಬೇಕು. ಡಬ್ಬಿಯ ಬೆಲೆಯಲ್ಲ, ಒಂದೊಂದಕ್ಕೆ ಎಷ್ಟು ಬೀಳುತ್ತದೆ ಎಂದು ಭಾಗಿಸಿ.

ನಮ್ಮ ಪಕ್ಕದ ಮನೆ ರಾಯರಿಗೆ ಈ ಭಾಗಾಕಾರ ಚೆನ್ನಾಗಿ ಬರುತ್ತದೆ, ಅದೇ ತೊಂದರೆ. “ನೂರು ತಗೊಂಡ್ರೆ ಒಂದಕ್ಕೆ ನಾಲ್ಕು ರೂಪಾಯಿ ಉಳೀತದೆ ಸ್ವಾಮಿ” ಎಂದು ನೂರು ತರಿಸಿದರು. ಅವರು ನೋಡಿಕೊಳ್ಳುವುದು ವಾರಕ್ಕೊಮ್ಮೆ. “ರಾಯರೇ, ಎಕ್ಸ್‌ಪೈರಿ ಯಾವಾಗ?” ಎಂದೆ. ಕನ್ನಡಕ ಹುಡುಕತೊಡಗಿದರು. ಭಾರಿ ರಿಯಾಯಿತಿಯ ಮಾಲಿಗೆ ಎಷ್ಟೋ ಸಲ ಆಯುಷ್ಯ ಕಡಿಮೆ. ಸಾಲದ್ದಕ್ಕೆ, ಕೆಲವು ಕಂಪನಿಗಳ ಸ್ಟ್ರಿಪ್ಪನ್ನು ಡಬ್ಬಿ ತೆರೆದ ಕೆಲವೇ ತಿಂಗಳೊಳಗೆ ಮುಗಿಸಬೇಕು. ಆ ಅವಧಿ ಲೇಬಲ್ಲಿನಲ್ಲೇ ಇರುತ್ತದೆ. ತೆರೆದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಟ್ಟರೆ ಜಗಳವಿಲ್ಲ.

ಸ್ಟ್ರಿಪ್ಪಿನ ತುದಿಯಲ್ಲಿರುವುದು ಕಿಣ್ವದ ಲೇಪ. ಅದು ರಕ್ತದ ಗ್ಲುಕೋಸಿನೊಂದಿಗೆ ವರ್ತಿಸಿದಾಗ ಹುಟ್ಟುವ ಚೂರು ವಿದ್ಯುತ್ತನ್ನು ಮೀಟರ್ ಅಳೆಯುತ್ತದೆ. ಈ ಲೇಪಕ್ಕೆ ತೇವ ಪರಮವೈರಿ. ಡಬ್ಬಿಯಲ್ಲೇ ತೇವ ಹೀರುವ ವಸ್ತುವನ್ನು ಇಟ್ಟಿರುತ್ತಾರೆ, ಆದರೆ ಮುಚ್ಚಳ ತೆರೆದಿಟ್ಟು ಕಾಫಿಗೆ ಹೋದರೆ ಅದೇನು ಮಾಡೀತು? ಅದರಲ್ಲೂ ಆಗುಂಬೆ ಕಡೆಯ ಆಷಾಢದಲ್ಲಿ! ಹಾಗೆಂದು ಫ್ರಿಜ್ಜಿನಲ್ಲಿ ಹುಳಿಯ ಪಕ್ಕಕ್ಕೂ ಇಡಬೇಡಿ. ಸಾಮಾನ್ಯವಾಗಿ 30 ಡಿಗ್ರಿಯೊಳಗಿನ ಒಣ ಜಾಗ ಸಾಕು. ಏಪ್ರಿಲ್ ಬಿಸಿಲಿನಲ್ಲಿ ಕಲಬುರಗಿಗೆ ಪಾರ್ಸಲ್ ಬರುವುದಾದರೆ ಬಂದ ಕೂಡಲೇ ಒಳಗೆ ತೆಗೆದುಕೊಳ್ಳಿ, ಗೇಟಿನ ಮೇಲೆ ನೇತುಹಾಕಿ ಹೋಗಲು ಹೇಳಬೇಡಿ.

ಸೀಲ್ ಒಡೆದ ಡಬ್ಬಿ ಎಷ್ಟೇ ಅಗ್ಗವಾಗಲಿ, ವಾಪಸ್ ಕಳಿಸಬೇಕು. ಅಮೆರಿಕದಲ್ಲಿ ಉಳಿದ ಸ್ಟ್ರಿಪ್‌ಗಳನ್ನು ಕೊಂಡು ಮರುಮಾರಾಟ ಮಾಡುವ ದಂಧೆಯೇ ಇದೆ. ರಸ್ತೆಬದಿಯ ಕಂಬಗಳಲ್ಲಿ ‘ಸ್ಟ್ರಿಪ್ ಕೊಡಿ, ನಗದು ಒಯ್ಯಿರಿ’ ಎಂಬ ಅರ್ಥದ ಫಲಕಗಳು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಇಂಥ ಸ್ಟ್ರಿಪ್‌ಗಳನ್ನು ಬಳಸಬೇಡಿ ಎಂದು ಎಚ್ಚರಿಸಿತು. ನಮ್ಮಲ್ಲಾದರೆ ಡಬ್ಬಿಯ ಮೇಲೆ ರೂಪಾಯಿಯಲ್ಲಿ ಎಂಆರ್‌ಪಿ, ಬ್ಯಾಚ್ ನಂಬರ್, ಹೊರದೇಶದ್ದಾದರೆ ಆಮದುದಾರರ ಹೆಸರು ಇದೆಯೇ ನೋಡಿ. ಚುಚ್ಚುವ ಸೂಜಿಯ ವಿಷಯದಲ್ಲಂತೂ ಉಳಿತಾಯ ಬೇಡ. ಗಂಡನಿಗೆ ಚುಚ್ಚಿದ್ದನ್ನೇ ಹೆಂಡತಿಗೂ ಚುಚ್ಚುವ ದಾಂಪತ್ಯಪ್ರೇಮ ಅಪಾಯಕಾರಿ.

ಇಷ್ಟೆಲ್ಲ ಜಾಗ್ರತೆ ಮಾಡಿ, ಮಾವಿನಹಣ್ಣು ಸುಲಿದ ಕೈಗೇ ಚುಚ್ಚಿಕೊಂಡರೆ ಮೀಟರ್ ಹಣ್ಣಿನ ಸಕ್ಕರೆಯನ್ನೂ ಸೇರಿಸಿ ಹೇಳುತ್ತದೆ. ಸೋಪು ಹಚ್ಚಿ ತೊಳೆದು ಒರೆಸಿಕೊಳ್ಳಿ. ಆಮೇಲೂ ಅಂಕಿಯನ್ನು ಜಾತಕದಂತೆ ನಂಬಬೇಕಿಲ್ಲ. ಐಎಸ್‌ಒ 15197 ಎಂಬ ಮಾನದಂಡದ ಪ್ರಕಾರ, ಸಕ್ಕರೆ 100ರ ಮೇಲಿದ್ದಾಗ ನೂರರಲ್ಲಿ 95 ಓದುಗಳು ಶೇಕಡಾ 15ರ ಆಚೀಚೆಯೊಳಗಿದ್ದರೆ ಮೀಟರ್ ಪಾಸು. ಲ್ಯಾಬಿನಲ್ಲಿ 200 ಬಂದದ್ದು ಮನೆಯಲ್ಲಿ 180 ಎಂದರೆ ಯಾರ ತಪ್ಪೂ ಅಲ್ಲ. ಇದನ್ನು ರಾಯರಿಗೆ ವಿವರಿಸಿ ಸೋತೆ. ಅವರು ಎರಡು ಮೀಟರಿನಲ್ಲಿ ಒಂದೇ ಬೆರಳಿನ ರಕ್ತ ನೋಡಿದ್ದಾರೆ. ಒಂದು 148, ಇನ್ನೊಂದು 161. ತೀರ್ಪು ಕೊಡಲು ಮೂರನೆಯದನ್ನು ಆರ್ಡರ್ ಮಾಡಿ ಕೂತಿದ್ದಾರೆ.