ಶಕ್ತಿನಗರದ ಹೊಗೆ, ಲಿಂಗನಮಕ್ಕಿಯ ನೀರು

"ಯಾಕ್ರಿ ಅಣ್ಣಾರ, ಶಕ್ತಿನಗರದಾಗ ಹೊಗಿ ಬರವಲ್ದು? ಪ್ಲಾಂಟ್ ಬಂದ್ ಆತೇನು?" ಮಳೆಗಾಲದಲ್ಲಿ ನನಗೆ ಇಂಥ ಫೋನ್ ಬರುತ್ತಲೇ ಇರುತ್ತವೆ. ಬಂದ್ ಆಗಿಲ್ಲರೀ, ಮಲೆನಾಡಲ್ಲಿ ಮಳೆ ಆಗಿದೆ ಅಂದರೆ ನಗುತ್ತಾರೆ.

ನಗುವ ಮಾತಲ್ಲ. ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೂ ಶರಾವತಿಯ ಜಲವಿದ್ಯುತ್ ಕೇಂದ್ರಕ್ಕೂ ಒಡೆಯ ಒಬ್ಬನೇ, 1970ರಲ್ಲಿ ಶುರುವಾದ ಕರ್ನಾಟಕ ವಿದ್ಯುತ್ ನಿಗಮ. ನಮ್ಮಲ್ಲಿ ಎಂಟು ಘಟಕ, 1720 ಮೆಗಾವ್ಯಾಟ್. ಶರಾವತಿಯಲ್ಲಿ ಹತ್ತು ಘಟಕ, 1035 ಮೆಗಾವ್ಯಾಟ್. ಲಿಂಗನಮಕ್ಕಿ ತುಂಬುತ್ತಾ ಬಂದು, ಇಲ್ಲಿ ಪಂಪ್‌ಸೆಟ್ ನಿಂತರೆ ಕಲ್ಲಿದ್ದಲು ಸುಡುವ ಗರಜಿಲ್ಲ. ಒಂದೊಂದೇ ಘಟಕ ಆರಿಸುತ್ತಾರೆ.

ಆರಿಸಿದ ಬಾಯ್ಲರ್ ಮತ್ತೆ ಕಾಯಲು ತಾಸುಗಟ್ಟಲೆ ಬೇಕು. ನೀರಿನ ಟರ್ಬೈನ್ ಕೆಲವೇ ನಿಮಿಷದಲ್ಲಿ ತಿರುಗುತ್ತದೆ. ಅದಕ್ಕೇ ಸಂಜೆ ಎಲ್ಲರೂ ಒಮ್ಮೆಲೇ ಸ್ವಿಚ್ ಹಾಕುವ ಹೊತ್ತಿಗೆ, ಬೇಸಿಗೆಗೆ ಅಂತ ನೀರು ಉಳಿಸಿಕೊಳ್ಳುತ್ತಾರೆ. ಕಲ್ಲಿದ್ದಲಿನ ಕಥೆಯೇ ಬೇರೆ. ನಮ್ಮ ರಾಜ್ಯದ ಮಣ್ಣಲ್ಲಿ ಅದಿಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದಿಂದ ರೈಲಲ್ಲಿ ಬರಬೇಕು. ಒಂದು ರೇಕ್ ಅಂದರೆ ಮೂರೂವರೆಯಿಂದ ನಾಲ್ಕು ಸಾವಿರ ಟನ್. ಎಂಟೂ ಘಟಕ ಪೂರ್ತಿ ಓಡಿದರೆ ದಿನಕ್ಕೆ ಇಂಥ ಏಳೆಂಟು ರೇಕ್ ಬೇಕು.

2023ರಲ್ಲಿ ಈ ಲೆಕ್ಕ ಪೂರಾ ತಪ್ಪಿತು. ಮಳೆ ಕೈಕೊಟ್ಟು ಡ್ಯಾಂ ತುಂಬಲಿಲ್ಲ. ಅದೇ ಮಳೆ ಇಲ್ಲದ್ದಕ್ಕೆ ಬೆಳೆ ಒಣಗಿ, ನಿಂತಿರಬೇಕಾದ ಪಂಪ್‌ಸೆಟ್ ಎಲ್ಲಾ ಚಾಲೂ ಆದವು. ಏಳು ತಾಸು ತ್ರೀಫೇಸ್ ಸಿಗದೆ ರೈತರು ರಸ್ತೆಗಿಳಿದರು. ಬೈಗುಳ ತಿಂದವನು ಮಾತ್ರ ಲೈನ್‌ಮನ್. ಅವನು ಜೆಸ್ಕಾಂನವನು, ಬಂದ ಕರೆಂಟ್ ಹಂಚುವವನು ಅಷ್ಟೇ. ಕಂಬದ ಕೆಳಗೆ ನಿಂತು ಅವನ ಕಾಲರ್ ಹಿಡಿದರೆ ಲಿಂಗನಮಕ್ಕಿ 1819 ಅಡಿಗೆ ಏರುತ್ತದೆಯೇ?

ನೀರಿನ ಕರೆಂಟ್ ಅಗ್ಗ ಅಂತ ನಾವು ಸುದ್ದಿಯವರು ಸಲೀಸಾಗಿ ಬರೆದುಬಿಡುತ್ತೇವೆ. ಸಾಗರ, ಹೊಸನಗರ ಕಡೆ ಊರೂರೇ ಮುಳುಗಿದ್ದಕ್ಕೆ ಅದು ಅಗ್ಗ. ಆ ಮನೆತನಗಳ ಎಷ್ಟೋ ಜನ ಅರವತ್ತು ವರ್ಷವಾದರೂ ಉಳುವ ನೆಲದ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನಮ್ಮ ಕಡೆ ಬೂದಿ. ನಮ್ಮ ದೇಶದ ಕಲ್ಲಿದ್ದಲು ನೂರು ಕಿಲೋ ಸುಟ್ಟರೆ ಮೂವತ್ತು ಕಿಲೋಗೂ ಮೇಲೆ ಬೂದಿಯೇ ಉಳಿಯುತ್ತದೆ. ಸಿಮೆಂಟಿಗೆ, ಇಟ್ಟಿಗೆಗೆ ಒಯ್ದದ್ದು ಹೋಗಲಿ, ಮಿಕ್ಕಿದ್ದು ಕೆರೆಯಂಥ ಹೊಂಡದಲ್ಲಿ ಬಿದ್ದಿರುತ್ತದೆ. ಬೇಸಿಗೆ ಗಾಳಿ ಎದ್ದರೆ ಅದೂ ಏಳುತ್ತದೆ.