ಹತ್ತು ಅಂದ್ರೆ ಯಾವ ಹತ್ತು?

ನಮ್ಮಪ್ಪನಿಗೂ ನನಗೂ ಫೋನಿನಲ್ಲಿ ಎರಡು ನಿಮಿಷಕ್ಕಿಂತ ಜಾಸ್ತಿ ಮಾತು ನಡೆದದ್ದೇ ಕಡಿಮೆ. ಊಟ ಆಯ್ತಾ, ಅಲ್ಲಿ ಚಳಿ ಹೇಗಿದೆ, ಡ್ಯಾಮಿನಲ್ಲಿ ಎಷ್ಟು ಅಡಿ ನೀರಿದೆ... ಅಲ್ಲಿಗೆ ಮುಗೀತು. (ಲಕ್ಕವಳ್ಳಿಯವರಿಗೆ ಭದ್ರಾ ಡ್ಯಾಮಿನ ಮಟ್ಟ ಹೇಳದೆ ಫೋನ್ ಇಟ್ಟರೆ ಸಮಾಧಾನ ಇಲ್ಲ. 186 ಅಡಿ ತುಂಬಿದ ದಿನ ನಮ್ಮ ಮನೆಯಲ್ಲಿ ಯಾರದೋ ಮದುವೆಯೇನೋ ಅನ್ನೋ ಕಳೆ!) ಅಪ್ಪ ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಬೆಳಿಗ್ಗೆ ಎದ್ದರೆ ಮಟ್ಟ ಎಷ್ಟು, ಒಳಹರಿವು ಎಷ್ಟು ಅಂತ ಬರೆದಿಟ್ಟೇ ಜೀವನ ಕಳೆದವರು. ಮಾತೆಲ್ಲ ಅಮ್ಮನದು. ಅಪ್ಪ ಹಿಂದಿನಿಂದ "ಕೇಳಿದೆ ಅಂತ ಹೇಳು" ಅಂದರೆ ಅದೇ ದೊಡ್ಡದು. 2021ರಲ್ಲಿ ಅಮ್ಮ ಹೋದ ಮೇಲೆ ಆ ಎರಡು ನಿಮಿಷವನ್ನೂ ತುಂಬಿಸೋದು ಇಬ್ಬರಿಗೂ ಕಷ್ಟವಾಗಿತ್ತು.

ಈಗ ಹೇಳಹೊರಟಿದ್ದು ಫುಟ್‌ಬಾಲ್ ವಿಷಯ. ಡಿಸೆಂಬರ್ 18, 2022, ಭಾನುವಾರ. ಕತಾರ್ ವಿಶ್ವಕಪ್ ಫೈನಲ್, ಅರ್ಜೆಂಟೀನಾ-ಫ್ರಾನ್ಸ್. ನಾನು ಆಫೀಸಿನ ಕೆಲಸದ ಮೇಲೆ ಜರ್ಮನಿಯಲ್ಲಿದ್ದೆ. ಸೋಮವಾರ ಬೆಳಿಗ್ಗೆ ಮ್ಯೂನಿಕ್‌ನಲ್ಲಿ ಮೀಟಿಂಗು. ಯಾರೋ ಪುಣ್ಯಾತ್ಮರು ಸರಿಯಾಗಿ ಮ್ಯಾಚ್ ಶುರುವಾಗೋ ಹೊತ್ತಿಗೆ ಫ್ರಾಂಕ್‌ಫರ್ಟಿನಿಂದ ರೈಲು ಟಿಕೆಟ್ ಮಾಡಿಸಿದ್ದರು. (ಯಾರೋ ಅಲ್ಲ, ನಾನೇ. ಯಾರು ಫೈನಲ್‌ಗೆ ಬರ್ತಾರೋ ಗೊತ್ತಿಲ್ಲದಾಗ ಮಾಡಿಸಿದ್ದು.)

ನಮ್ಮೂರಲ್ಲಿ ನಾನು ಫುಟ್‌ಬಾಲ್ ಆಡಿದವನೂ ಅಲ್ಲ, ನೋಡಿದವನೂ ಅಲ್ಲ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಕೋಯಿಕ್ಕೋಡ್‌ನ ರೂಮ್‌ಮೇಟ್ ಅಂಟಿಸಿದ ಹುಚ್ಚು ಅದು. ಆ ಜಿಲ್ಲೆಯ ಪುಳ್ಳಾವೂರಿನಲ್ಲಿ ಹೊಳೆಯ ನಡುವೆ ಮೆಸ್ಸಿಯ ಆಳೆತ್ತರಕ್ಕೂ ಮೀರಿದ ಕಟೌಟ್ ನಿಲ್ಲಿಸಿದ್ದನ್ನು ನೀವೂ ನೋಡಿರಬಹುದು. ಅಂಥಾ ಊರಿನವನ ಜೊತೆ ನಾಲ್ಕು ವರ್ಷ ಇದ್ದ ಮೇಲೆ ಇನ್ನೇನಾಗುತ್ತೆ ಹೇಳಿ :)

ಭಾರತದಲ್ಲಿ ಆಗಿನ ಜಿಯೋಸಿನೆಮಾದಲ್ಲಿ ಇಡೀ ವಿಶ್ವಕಪ್ ಉಚಿತ. ಆದರೆ ಪ್ರಸಾರದ ಹಕ್ಕು ಮಾರೋದು ದೇಶದೇಶಕ್ಕೆ ಬೇರೆ ಬೇರೆ. ನೀವು ಯಾವ ದೇಶದಲ್ಲಿದ್ದೀರಿ ಅಂತ ಐಪಿ ವಿಳಾಸವೇ ಹೇಳಿಬಿಡುತ್ತೆ, ಗಡಿ ದಾಟಿದರೆ ನಿಮ್ಮೂರಿನ ಆ್ಯಪು ನಿಮ್ಮನ್ನೇ ಗುರುತು ಹಿಡಿಯಲ್ಲ. ಜರ್ಮನಿಯಲ್ಲಿ ಫೈನಲ್ ಬರ್ತಾ ಇದ್ದದ್ದು ಎಆರ್‌ಡಿ ಅನ್ನೋ ಸಾರ್ವಜನಿಕ ವಾಹಿನಿಯಲ್ಲಿ, ಅದೂ ಉಚಿತ. ಭಾಷೆ ಅರ್ಥವಾಗದಿದ್ದರೇನು, ಚೆಂಡು ಕಂಡರೆ ಸಾಕಲ್ಲ.

23ನೇ ನಿಮಿಷದಲ್ಲಿ ಮೆಸ್ಸಿ ಪೆನಾಲ್ಟಿ ಹೊಡೆದದ್ದು ಕಂಡಿತು. ಆಮೇಲೆ ರೈಲು ಸ್ಪೆಸಾರ್ಟ್ ಬೆಟ್ಟದ ಕಾಡಿಗೆ ಹೊಕ್ಕಿತು ನೋಡಿ, ಪರದೆ ಮೇಲೆ ಗಾಣದೆತ್ತಿನ ಥರ ಚಕ್ರ ಸುತ್ತೋಕೆ ಶುರು. ಡಿ ಮರಿಯಾನ ಎರಡನೇ ಗೋಲು ನನ್ನ ಪಾಲಿಗೆ ಒಂದು ಮಸುಕು ಚಿತ್ರ ಅಷ್ಟೇ. ಹಾಫ್‌ಟೈಮಿಗೆ ಬೇಜಾರಾಗಿ, ಹೇಗೂ ಭಾನುವಾರದ ಫೋನ್ ಬಾಕಿ ಇತ್ತು ಅಂತ ಅಪ್ಪನಿಗೆ ವಾಟ್ಸಾಪ್ ಕಾಲ್ ಮಾಡಿದೆ.

"ಮ್ಯಾಚ್ ನೋಡ್ತಾ ಇಲ್ವೇನೋ?" ಅಂದರು ಅಪ್ಪ. ನನಗೆ ಆಶ್ಚರ್ಯ. "ನೀನು ನೋಡ್ತಿರ್ತೀಯಲ್ಲ, ಏನಿದೆ ಅದ್ರಲ್ಲಿ ಅಂತ ಹಾಕ್ಕೊಂಡಿದ್ದೀನಿ. ಪಕ್ಕದ ಮನೆ ಹುಡುಗ ಆ್ಯಪ್ ಹಾಕಿಕೊಟ್ಟ."

"ಫೋನಲ್ಲಿ ಮ್ಯಾಚ್ ಬರ್ತಿದ್ರೆ ನನ್ಹತ್ರ ಹೆಂಗೆ ಮಾತಾಡ್ತಿದ್ದೀರಿ?"

"ಇದು ನಂದು. ಮ್ಯಾಚ್ ಬರ್ತಿರೋದು ನಿಮ್ಮಮ್ಮಂದ್ರಲ್ಲಿ."

ಒಂದೂವರೆ ವರ್ಷದಿಂದ ಅಮ್ಮನ ನಂಬರಿಗೆ ಅಪ್ಪ ರೀಚಾರ್ಜ್ ಮಾಡಿಸ್ತಾ ಇದ್ದದ್ದು ನನಗೆ ಗೊತ್ತಾಗಿದ್ದು ಹಾಗೆ. ನಾನೂ ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. "ಇಡಬೇಡ, ನಾನು ಹೇಳ್ತೀನಿ ಇರು" ಅಂದರು.

ಇಲ್ಲಿ ಸ್ವಲ್ಪ ನಮ್ಮ ಕಸುಬಿನ ಮಾತು, ಸಹಿಸ್ಕೊಳ್ಳಿ. ನೋಡೋ ಥರದ ವೀಡಿಯೋಗೆ ಸೆಕೆಂಡಿಗೆ ಎರಡು-ಮೂರು ಮೆಗಾಬಿಟ್ ಬೇಕು. ಮಾತಿಗೆ ಕೆಲವು ಹತ್ತು ಕಿಲೋಬಿಟ್ ಸಾಕು, ಹೆಚ್ಚುಕಮ್ಮಿ ನೂರರಲ್ಲೊಂದು ಪಾಲು. ಅದಕ್ಕೇ ಚಿತ್ರ ಸತ್ತ ಜಾಗದಲ್ಲೂ ಅಪ್ಪನ ದನಿ ಬದುಕಿತ್ತು. ಇನ್ನೊಂದು ತಮಾಷೆ ಅಂದರೆ, ಆ್ಯಪಿನಲ್ಲಿ 'ಲೈವ್' ಅನ್ನೋದು ಲೈವ್ ಅಲ್ಲ. ಆಟವನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ, ಬೇರೆ ಬೇರೆ ಗುಣಮಟ್ಟಕ್ಕೆ ಕುಗ್ಗಿಸಿ, ಊರೂರ ಸರ್ವರುಗಳಿಗೆ ಹಂಚಿ, ನಿಮ್ಮ ಫೋನು ಒಂದೆರಡು ತುಂಡು ಮುಂಗಡ ಕೂಡಿಟ್ಟುಕೊಂಡ ಮೇಲೆಯೇ ತೋರಿಸೋದು. ಅರ್ಧ ನಿಮಿಷ ಹಿಂದೆ ಬೀಳೋದು ಮಾಮೂಲು. ಡಿಶ್ ಇರೋ ಟಿವಿಗೆ ಅದು ಮುಂಚೆ ಬರುತ್ತೆ.

ಪಕ್ಕದ ಮನೆಯಲ್ಲಿ ಡಿಶ್ ಟಿವಿ. ಹಂಗಾಗಿ ಅಪ್ಪನ ಕಾಮೆಂಟರಿ ಹೇಗಿತ್ತು ಅಂದರೆ: "ಪಕ್ಕದ್ಮನೇಲಿ ಅಯ್ಯೋ ಅಂದ್ರು. ಏನೋ ಆಗಿದೆ. ನಮ್ಗಿನ್ನೂ ಬಂದಿಲ್ಲ, ಇರು..."

ಆ 'ಇರು' ಇದೆಯಲ್ಲ ಮಾರಾಯ್ರೇ, ಅಂಥಾ ಅರ್ಧ ನಿಮಿಷ ನಾನು ವೈವಾದಲ್ಲೂ ಕಂಡಿಲ್ಲ.

"ಪೆನಾಲ್ಟಿಯಂತೆ. ಹತ್ತು ಹೊಡೀತಿದ್ದಾನೆ. ಹೊಡೆದ. ಹೋಯ್ತು ಒಳಗೆ."

"ಮೂರ್-ಸೊನ್ನೆ!" ಅಂತ ನಾನು ಕೂಗಿಬಿಟ್ಟೆ. ಎದುರು ಕೂತಿದ್ದ ಹಿರಿಯರು ತಮ್ಮ ನಿಂತುಹೋದ ಫೋನು ಬಿಟ್ಟು ತಲೆಯೆತ್ತಿದರು.

"ಮೂರೆಲ್ಲಿಂದ ಬಂತೋ? ಎರಡು-ಒಂದು. ಇದು ಕಡುನೀಲಿ ಹತ್ತು."

ಮೆಸ್ಸಿಯೂ ಹತ್ತು, ಎಂಬಾಪೆಯೂ ಹತ್ತು! ಅಪ್ಪನಿಗೆ ಹೆಸರು ಬೇಡ, ನಂಬರು ಸಾಕು. ನಾನು ಸುಧಾರಿಸ್ಕೊಳ್ಳೋದ್ರೊಳಗೆ ಪಕ್ಕದ ಮನೆಯಲ್ಲಿ ಮತ್ತೆ ಅಯ್ಯೋ. "ಹತ್ತು ಮತ್ತೆ ಹೊಡೆದ." "ಯಾವ ಹತ್ತು ಅಪ್ಪಾ?" "ಅದೇ ಹತ್ತು." 80ನೇ ನಿಮಿಷ ಒಂದು, 81ಕ್ಕೆ ಇನ್ನೊಂದು. ಎದುರಿನ ಹಿರಿಯರು ಬೆರಳಲ್ಲಿ ಕೇಳಿದರು, ನಾನು ಎರಡು-ಎರಡು ಅಂತ ತೋರಿಸಿದೆ. ಅವರು ಹಿಂದಿನ ಸೀಟಿಗೆ ದಾಟಿಸಿದರು. ಜರ್ಮನಿಯ ರೈಲಿಗೆ ಸ್ಕೋರು ಲಕ್ಕವಳ್ಳಿಯಿಂದ ಸಪ್ಲೈ!

ಎಕ್ಸ್‌ಟ್ರಾ ಟೈಮಿನ ಹೊತ್ತಿಗೆ ನ್ಯೂರೆಂಬರ್ಗ್ ದಾಟಿದ್ದೆವು. ಅಲ್ಲಿಂದ ಇಂಗೊಲ್‌ಸ್ಟಾಟ್‌ವರೆಗೆ ಸುರಂಗದ ಮೇಲೆ ಸುರಂಗ, ಒಂದಂತೂ ಏಳು ಕಿಲೋಮೀಟರ್ ಮೇಲಿದೆ. ದನಿಯೂ ಸತ್ತಿತು. ಹೊರಗೆ ಬಂದು ಮತ್ತೆ ಕಾಲ್ ಮಾಡಿದರೆ ಮೊದಲ ರಿಂಗಿಗೇ ಎತ್ತಿದರು. "ನೀನಿಲ್ದೇ ಇದ್ದಾಗ ಆಗಿದ್ದು ಬರ್ಕೊಂಡಿದ್ದೀನಿ, ಓದ್ತೀನಿ ಕೇಳು. ಪಟ್ಟೆ ಹತ್ತು, ಗೋಲು. ಒಳಗೆ ಹೋಗಿದ್ದನ್ನ ಒಬ್ಬ ಹೊರಗೆ ಒದ್ದ. ಆದ್ರೂ ಗೋಲಂತೆ." ಸ್ವಲ್ಪ ತಡೆದು, "ಅದು ಸರಿಯೇನೋ?" ಗೆರೆ ಪೂರ್ತಿ ದಾಟಿದರೆ ಸಾಕು, ಅದಕ್ಕೂ ಯಂತ್ರ ಇದೆ ಅಂತ ವಿವರಿಸಿದೆ. "ಹಂಗಾದ್ರೆ ಸರಿ" ಅಂದರು. ಗೇಜು ಓದಿದವರಿಗೆ ಗೆರೆ ಅಂದರೆ ಗೆರೆ.

118ಕ್ಕೆ ಎಂಬಾಪೆ ಮತ್ತೊಂದು ಪೆನಾಲ್ಟಿ, ಮೂರು-ಮೂರು. ಆಮೇಲೆ ಶೂಟೌಟ್. ಅಪ್ಪ ಒಂದೊಂದನ್ನೂ "ಹೋಯ್ತು", "ತಡೆದ", "ಆಚೆ ಹೊಡ್ಕೊಂಡ" ಅಂತ ಒಂದೇ ದನಿಯಲ್ಲಿ ಹೇಳಿದರು. ಕೊನೆಯದಕ್ಕೆ ಮಾತ್ರ ಪಕ್ಕದ ಮನೆಯ ಕೂಗು ನನಗೇ ಕೇಳಿಸಿತು, ಅಪ್ಪ ಹೇಳೋಕೆ ಮುಂಚೆ. ನಾಲ್ಕು-ಎರಡು. ಎದುರಿನ ಹಿರಿಯರು ನನ್ನ ಕೈ ಕುಲುಕಿದರು, ನಾನೇ ಗೆದ್ದ ಹಾಗೆ.

ಆ ದಿನ ಆ ಆ್ಯಪಿನಲ್ಲಿ 3.2 ಕೋಟಿ ಜನ ಫೈನಲ್ ನೋಡಿದರು ಅಂತ ಕಂಪನಿ ಆಮೇಲೆ ಹೇಳಿತು. ಅದರಲ್ಲಿ ಒಬ್ಬರು ಅಮ್ಮನ ಹೆಸರಲ್ಲಿದ್ದರು.

"ಮೂರು ಹೊಡೆದೂ ಸೋತನಲ್ಲೋ ಪಾಪ, ಅವ್ನಿಗೇನೂ ಕೊಡಲ್ವಾ?" ಅಂತ ಅಪ್ಪನ ಪ್ರಶ್ನೆ. ಒಟ್ಟು ಎಂಟು ಗೋಲಿಗೆ ಚಿನ್ನದ ಬೂಟು ಸಿಗುತ್ತೆ ಅಂದೆ. ಸ್ವಲ್ಪ ಹೊತ್ತಾದ ಮೇಲೆ, "ಪಟ್ಟೆ ಹತ್ತಕ್ಕೆ ಕಪ್ಪು ಶಾಲು ಹೊದಿಸ್ತಿದ್ದಾರೆ ಕಣೋ. ನಮ್ಮಲ್ಲಿ ಸನ್ಮಾನ ಮಾಡಿದ ಹಾಗೇ. ಹಾರ ಒಂದಿಲ್ಲ ನೋಡು."

ಮ್ಯೂನಿಕ್ ಬಂತು. ಅಮ್ಮನ ಫೋನಿನಲ್ಲಿ ಚಾರ್ಜ್ ಮುಗೀತಾ ಬಂತು, ಹಾಕ್ತೀನಿ ಅಂತ ಇಟ್ಟರು. ಊಟ ಆಯ್ತಾ ಅಂತ ಕೇಳೋದು ಇಬ್ಬರೂ ಮರೆತಿದ್ದೆವು. ಡ್ಯಾಮಿನ ಮಟ್ಟವೂ.

ಮುಂದಿನ ಸಲ ಊರಿಗೆ ಹೋದಾಗ ಗೋಡೆಯ ಹಳೇ ಕ್ಯಾಲೆಂಡರ್ ತೆಗೆದು ಮಡಚಿಡೋಕೆ ಹೋದೆ. ಡಿಸೆಂಬರ್ ಹಾಳೆಯ ಹಿಂದೆ ಅಪ್ಪನ ಅಕ್ಷರ. ಎಡಗಡೆ ಟೈಮು, ಬಲಗಡೆ ಗೋಲು, ಗೆರೆ ಹಾಕಿ ಬರೆದಿದ್ದರು. "10 (ಪಟ್ಟೆ)". ಅದರ ಕೆಳಗೆ "10 (ಕಡುನೀಲಿ)". ಅಲ್ಲಲ್ಲಿ ಒಂದು ಸಣ್ಣ ಗೀಟು ಎಳೆದು ಪಕ್ಕದಲ್ಲಿ ಬರೆದಿದ್ದರು, "ಲೈನ್ ಕಟ್".